ಮಣ್ಣಿಗೆ ಸರ್ಟಿಫಿಕೇಟ್ ಕೊಟ್ಟ ಶರಣಪ್ಪನವರು

ನಮ್ಮ ಶರಣಪ್ಪನವರು ಮಣ್ಣಿನ ಡಾಕ್ಟರು. ಕಾರ್ಖಾನೆಯ ಕೊಳಕು ಕುಡಿದು ಕೆಟ್ಟುಹೋದ ಮಣ್ಣು ಅಲ್ಲಿ ಬದುಕುವ ಮನುಷ್ಯರಿಗೆ ಎಷ್ಟು ಹಾನಿ ಮಾಡುತ್ತದೆ ಎಂದು ಲೆಕ್ಕ ಹಾಕಿ ಹೇಳುವುದು ಅವರ ವಿದ್ಯೆ. ತಾವು ಹೇಳಿದ್ದು ಸಾಲದು ಎಂದು, ಹಾಗೆ ಹೇಳುವವರನ್ನು ತಯಾರು ಮಾಡುವ ಕೆಲಸವನ್ನೂ ಹಿಡಿದಿದ್ದಾರೆ. ಕೋಲ್ಕತ್ತಾದ ಸಾಲ್ಟ್ ಲೇಕಿನಲ್ಲಿರುವ ನಮ್ಮ ಸಂಸ್ಥೆಯಲ್ಲಿ ಎಂಜಿನಿಯರುಗಳಿಗೂ ಸರ್ಕಾರಿ ಇಲಾಖೆಗಳವರಿಗೂ ತರಬೇತಿ ಕೊಡುತ್ತಾರೆ. ನಾನು ಅಲ್ಲಿ ವ್ಯವಸ್ಥೆ ನೋಡಿಕೊಳ್ಳುವವಳು. ಹಾಲಿನ ಎಸಿ ರಿಪೇರಿ ಮಾಡಿಸುವುದು, ಪ್ರೊಜೆಕ್ಟರಿನ ವೈರು ಹುಡುಕುವುದು, ಊಟ ತರಿಸುವುದು, ಸರ್ಟಿಫಿಕೇಟಿನಲ್ಲಿ ಹೆಸರು ತಪ್ಪಾಗಿದೆ ಎಂದು ಮುಖ ಊದಿಸಿಕೊಂಡ ಎಂಜಿನಿಯರನನ್ನು ಸಮಾಧಾನ ಮಾಡುವುದು ನನ್ನ ಪಾಲು. ನನ್ನ ಹೆಸರು ಇಂದುಮತಿ, ಊರು ಮೈಸೂರು. ಗಂಡನ ರೈಲ್ವೆ ನೌಕರಿಯ ಜೊತೆ ಕೋಲ್ಕತ್ತಾಕ್ಕೆ ಬಂದವಳು ಇಲ್ಲೇ ಉಳಿದುಬಿಟ್ಟೆ.

ಶರಣಪ್ಪನವರು ಶಹಾಬಾದಿನ ಕಡೆಯವರು. ಅವರಪ್ಪ ಅಲ್ಲಿನ ಗಣಿಯಲ್ಲಿ ಪರಸಿ ಕಲ್ಲು ಒಡೆಯುತ್ತಿದ್ದರಂತೆ. ಮಗ ಓದಿ, ಪಿಎಚ್‌ಡಿ ಮಾಡಿ, ಕೇಂದ್ರ ಸರ್ಕಾರದ ಪ್ರಯೋಗಾಲಯಕ್ಕೆ ಸೇರಿ ಇಲ್ಲಿಗೆ ಬಂದರು. ಸರ್ವಿಸ್ ಪೂರ್ತಿ ಮಣ್ಣನ್ನು ಸೀಸೆಯಲ್ಲಿ ತುಂಬಿ ಚೀಟಿ ಅಂಟಿಸಿದರೇ ಹೊರತು, ಅದನ್ನು ಕೈಯಲ್ಲಿ ಹಿಡಿದದ್ದನ್ನು ನಾನಂತೂ ಕಂಡಿಲ್ಲ. ನಿವೃತ್ತಿಯಾದ ಮೇಲೂ ಊರಿಗೆ ಹೋಗಲಿಲ್ಲ. ಮಗಳು ಮೇಧಾ ಐಟಿ ಕಂಪನಿಗಳಿರುವ ಸೆಕ್ಟರ್ ಫೈವಿನಲ್ಲಿ ಕೆಲಸಕ್ಕಿದ್ದಾಳೆ. ಅವಳ ಮಗಳು ಇಂಚರಾಳನ್ನು ಲೇಕ್ ಗಾರ್ಡನ್ಸಿನ ಫ್ಲಾಟಿನಲ್ಲಿ ಸಾಕುತ್ತಿರುವವರು ಅಜ್ಜ ಅಜ್ಜಿಯೇ. ಆ ಮಗುವಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಬಂಗಾಳಿ. ಚಪ್ಪಲಿ ಹಾಕಿಕೊಡಲು ಹೋದರೆ "ಆಮಿ", ತುತ್ತು ಕಲೆಸಿದರೆ "ಆಮಿ". ನಾನೇ ಮಾಡುತ್ತೇನೆ, ನೀವು ಸುಮ್ಮನಿರಿ ಎಂದು ಅರ್ಥ. ಅದರ ಅಜ್ಜಿ ಗಂಗೂಬಾಯಿ ಇದನ್ನು ಎತ್ತಿ ಆಡಿ ನಗುತ್ತಾರೆ. ಮನೆಯಲ್ಲಿ ಇಷ್ಟು ಧೈರ್ಯವಾಗಿ 'ನಾನು' ಅನ್ನುವುದು ಇದೊಂದೇ ಎನ್ನುತ್ತಾರೆ.

ತರಬೇತಿಯ ಮೊದಲ ದಿನ ಶರಣಪ್ಪನವರನ್ನು ನೋಡಬೇಕು. ಗರಿಗರಿ ಅಂಗಿ, ಜೇಬಿನಲ್ಲಿ ಒಂದು ಕೆಂಪು ಪೆನ್ನು. ಬಿಳಿ ಬೋರ್ಡಿನ ಎಡಗಡೆ ಒಂದು ಚೌಕ ಬರೆದು ಅದರೊಳಗೆ 'ಮಣ್ಣು' ಎನ್ನುತ್ತಾರೆ, ಬಲಗಡೆ ಇನ್ನೊಂದು ಚೌಕ ಬರೆದು 'ಮನುಷ್ಯ' ಎನ್ನುತ್ತಾರೆ. ನಡುವೆ ಬಾಣದ ಗುರುತುಗಳು. ಮಣ್ಣಿನಲ್ಲಿ ವಿಷ ಇದ್ದ ಮಾತ್ರಕ್ಕೆ ಯಾರೂ ಸಾಯುವುದಿಲ್ಲ, ಅದು ಮನುಷ್ಯನ ಮೈಗೆ ಸೇರಲು ದಾರಿ ಬೇಕು ಎಂಬುದು ಅವರ ಪಾಠದ ತಿರುಳು. ಧೂಳಾಗಿ ಮೂಗಿಗೆ ಹೋಗುವುದು ಒಂದು ದಾರಿ, ಬಾವಿಯ ನೀರಿಗೆ ಇಳಿಯುವುದು ಇನ್ನೊಂದು, ಕೈಯಿಂದ ಬಾಯಿಗೆ ಹೋಗುವುದು ಮತ್ತೊಂದು. ಒಂದೊಂದು ಬಾಣಕ್ಕೂ ಒಂದೊಂದು ಲೆಕ್ಕ. ಎಲ್ಲ ಕೂಡಿಸಿದಾಗ ಬರುವ ಅಂಕಿ ಮಿತಿಯೊಳಗೆ ಇದ್ದರೆ ಆ ಜಾಗದಲ್ಲಿ ಮನೆ ಕಟ್ಟಬಹುದು, ಶಾಲೆ ಕಟ್ಟಬಹುದು. ಪಾಠ ಸರಿಯಾಗಿಯೇ ಇದೆ, ನಾನು ಅದನ್ನು ಹಳಿಯುವುದಿಲ್ಲ. ಹಳಿಯಬೇಕಾದದ್ದು ಆ ಕೆಂಪು ಪೆನ್ನನ್ನು. ಬಾಣ ಬರೆಯುವಾಗ ಇರದ ಖುಷಿ ಶರಣಪ್ಪನವರಿಗೆ ಬಾಣವನ್ನು ಹೊಡೆದುಹಾಕುವಾಗ ಬರುತ್ತದೆ. ಈ ದಾರಿ ಇಲ್ಲಿ ಅನ್ವಯಿಸುವುದಿಲ್ಲ ಎಂದು ಅದರ ಮೇಲೆ ಒಂದು ಕಾಟು ಎಳೆದು, ಗೆದ್ದವರ ಹಾಗೆ ಹಿಂದಕ್ಕೆ ತಿರುಗುತ್ತಾರೆ. ಕೂತವರು ಅದನ್ನು ಹಾಗೆಯೇ ಬರೆದುಕೊಳ್ಳುತ್ತಾರೆ.

ಇನ್ನು ಅವರ ಅಂಕಿಗಳು. ಮಗು ಒಂದು ದಿನಕ್ಕೆ ಎಷ್ಟು ಮಣ್ಣು ನುಂಗುತ್ತದೆ ಎಂಬುದಕ್ಕೆ ಅವರ ಹತ್ತಿರ ಒಂದು ವಿದೇಶಿ ಕೈಪಿಡಿ ಇದೆ. ಅಲ್ಲಿನ ಮಗು ಹುಲ್ಲುಹಾಸಿನಲ್ಲಿ ಆಡಿ, ಬೂಟು ಬಿಚ್ಚಿ ಒಳಗೆ ಬಂದು, ಚಮಚದಲ್ಲಿ ಊಟ ಮಾಡುತ್ತದೆ. ಮಳೆಗಾಲದಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಕೈಯಲ್ಲಿ ಮುಡಿ, ಅಂದರೆ ಇಲ್ಲಿನ ಮಂಡಕ್ಕಿ, ಮೆಲ್ಲುವ ನಮ್ಮ ಬೀದಿಯ ಮಗುವಿಗೂ ಅದೇ ಅಂಕಿ. ಯಾರಾದರೂ ಈ ಮಾತು ಎತ್ತಿದರೆ ಶರಣಪ್ಪನವರು ಕನ್ನಡಕದ ಮೇಲಿಂದ ನೋಡುತ್ತಾರೆ. ಎತ್ತುವವರೂ ಕಡಿಮೆ ಬಿಡಿ. ಬಂದವರಲ್ಲಿ ಅರ್ಧ ಜನ ಸರ್ಟಿಫಿಕೇಟು ಹೊರದೇಶದಲ್ಲಿ ನಡೆಯುತ್ತದೆಯೇ ಎಂದು ಕೇಳುತ್ತಾರೆ, ಉಳಿದರ್ಧ ಬಿರಿಯಾನಿಯಲ್ಲಿ ಆಲೂಗಡ್ಡೆ ಬಂದಿಲ್ಲ ಎಂದು ನನ್ನ ಹತ್ತಿರ ಜಗಳಕ್ಕೆ ಬರುತ್ತಾರೆ.

ಕೊನೆಯ ದಿನ ಜಾಗ ನೋಡುವ ಪಾಠ. ಅದಕ್ಕೆ ಊರ ಪೂರ್ವದಲ್ಲಿ, ಕಾಲುವೆಯ ಆಚೆ ಒಂದು ಹಳೆಯ ಅಂಗಳವಿದೆ. ಹಿಂದೆ ಅಲ್ಲಿ ಕೆಟ್ಟ ಬ್ಯಾಟರಿಗಳನ್ನು ಒಡೆದು ಸೀಸ ಕರಗಿಸುತ್ತಿದ್ದರು. ಸೀಸ ಮಕ್ಕಳ ಮೈಗೆ ಸೇರಿದರೆ ಮೊದಲು ಬುದ್ಧಿಯನ್ನೇ ತಿನ್ನುತ್ತದೆ ಎಂದು ಶರಣಪ್ಪನವರೇ ಪಾಠದಲ್ಲಿ ಹೇಳುತ್ತಾರೆ. ಆ ಅಂಗಳವನ್ನು ಈಗ ಒಬ್ಬ ಬಿಲ್ಡರು ಕೊಂಡಿದ್ದಾನೆ, ಫ್ಲಾಟು ಕಟ್ಟಲು. ತರಬೇತಿಗೆ ಜಾಗ ಬಿಟ್ಟುಕೊಟ್ಟು ಶಾಮಿಯಾನ ಹಾಕಿಸಿ ಊಟವನ್ನೂ ಹಾಕಿಸುತ್ತಾನೆ. ಅಂಥ ದೊಡ್ಡ ಮನಸ್ಸು ಯಾಕೆ ಬಂತು ಎಂದು ಕೇಳುವಷ್ಟು ಬುದ್ಧಿ ನಮ್ಮ ಡಾಕ್ಟರಿಗೆ ಇರಲಿಲ್ಲ, ಅಥವಾ ಇದ್ದರೂ ಶಾಮಿಯಾನದ ನೆರಳಿನಲ್ಲಿ ಮಲಗಿತ್ತು.

ಈ ಬೇಸಿಗೆಯ ತಂಡದಲ್ಲಿ ಮೈತ್ರಿ ಎಂಬ ಹುಡುಗಿ ಇದ್ದಳು, ಬೆಂಗಳೂರಿನವಳು, ಇಲ್ಲಿ ಒಂದು ಕಂಪನಿಯಲ್ಲಿ ಕೆಲಸ. ಎಲ್ಲರೂ ನೆರಳು ಹುಡುಕಿ ಕೂತಾಗ ಅವಳು ಅಂಗಳದ ಹಿಂದಿನ ಗೋಡೆಯ ತನಕ ಹೋಗಿ ಬಂದಳು. ಗೋಡೆ ಒಂದು ಕಡೆ ಕುಸಿದಿದೆ, ಆಚೆ ಬಡವರ ಗುಡಿಸಲುಗಳ ಒಂದು ಬಸ್ತಿ ಇದೆ, ಶ್ರಾವಣದಲ್ಲಿ ಝೂಲನ್ ಬಂದಾಗ ಅಲ್ಲಿನ ಮಕ್ಕಳು ಇಲ್ಲಿಂದಲೇ ಮಣ್ಣು ಒಯ್ಯುತ್ತವಂತೆ ಎಂದು ಹೇಳಿದಳು. ಝೂಲನ್ ಎಂದರೆ ಇಲ್ಲಿನ ಮಕ್ಕಳಿಗೆ ಪ್ರಾಣ. ಗಲ್ಲಿಯ ಮೂಲೆಯಲ್ಲಿ ಮಣ್ಣಿನ ಬೆಟ್ಟ, ಹೊಳೆ, ಊರು ಎಲ್ಲ ಮಾಡಿ ಗೊಂಬೆ ಇಟ್ಟು, ನಡುವೆ ರಾಧಾಕೃಷ್ಣರ ಉಯ್ಯಾಲೆ ಕಟ್ಟುತ್ತವೆ. ಮೈತ್ರಿ ತನ್ನ ಹಾಳೆಯಲ್ಲಿ ಅದಕ್ಕೂ ಒಂದು ಬಾಣ ಬರೆದು, ಮಣ್ಣು ಕಲೆಸುವ ಮಕ್ಕಳು ಎಂದು ಕೆಳಗೆ ಬರೆದಿದ್ದಳು. ಶರಣಪ್ಪನವರು ಜೇಬಿನಿಂದ ಕೆಂಪು ಪೆನ್ನು ತೆಗೆದರು.

"ಹಬ್ಬಕ್ಕ ಪುಸ್ತಕದಾಗ ಅಂಕಿ ಇಲ್ಲವ್ವ," ಎಂದರು. "ಅಂಕಿ ಇಲ್ಲದ್ದಕ್ಕ ಬಾಣ ಹಾಕಬಾರ್ದು."

ಕಾಟು ಎಳೆದರು. ಆ ಬಾಣ ಹೋದ ಮೇಲೆ ಲೆಕ್ಕ ಮಿತಿಯ ಕೆಳಗೆ ಬಂದು ಕೂತಿತು. ಇದು ಅಭ್ಯಾಸಕ್ಕೆ ಮಾಡಿದ ಲೆಕ್ಕ. ಆದರೆ ಬಿಲ್ಡರು ಅದನ್ನೇ ನೀಟಾಗಿ ಬರೆದುಕೊಡಿ ಸರ್, ನಿಮ್ಮ ಹೆಸರಿಗೆ ಒಂದು ತೂಕ ಇದೆ ಎಂದ. ಶರಣಪ್ಪನವರು ಉಬ್ಬಿಹೋಗಿ ಸಹಿ ಹಾಕಿದರು. ಹದಿನೈದು ದಿನದಲ್ಲಿ ಅಂಗಳದ ಗೇಟಿನ ಮೇಲೆ ಬೋರ್ಡು ಬಂತು. ಈ ಜಾಗದ ಮಣ್ಣನ್ನು ಪರೀಕ್ಷಿಸಲಾಗಿದೆ, ವಾಸಕ್ಕೆ ಸುರಕ್ಷಿತ, ಡಾಕ್ಟರ್ ಶರಣಪ್ಪ ಎಂದು ಇಂಗ್ಲಿಷಿನಲ್ಲೂ ಬಂಗಾಳಿಯಲ್ಲೂ ದಪ್ಪ ಅಕ್ಷರ. ಅವರು ಆ ಬೋರ್ಡಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ವಾಟ್ಸಾಪಿನಲ್ಲಿ ಹಾಕಿಕೊಂಡರು. ಅವರಿಗೆ ಸಿಕ್ಕ ಸಂಭಾವನೆ ಅದೊಂದೇ. ದುಡ್ಡು ತಿಂದಿದ್ದರೆ ಒಂದಿಷ್ಟಾದರೂ ಅರ್ಥವಾಗುತ್ತಿತ್ತು. ಈ ಮನುಷ್ಯ ತನ್ನ ಹೆಸರನ್ನು ತಗಡಿನ ಮೇಲೆ ನೋಡುವ ಆಸೆಗೆ ಬಿದ್ದ.

ಮುಂದಿನದು ಆದದ್ದು ನಮ್ಮ ಕನ್ನಡ ಸಂಘದಲ್ಲಿ. ಗಂಗೂಬಾಯಿ ಇಲ್ಲಿಗೆ ಬಂದಾಗಿನಿಂದ ಮಣ್ಣೆತ್ತಿನ ಅಮಾವಾಸ್ಯೆ ತಪ್ಪಿಸಿದವರಲ್ಲ. ಅವರ ಕಡೆ ಕಾರಹುಣ್ಣಿಮೆಯ ನಂತರದ ಅಮಾವಾಸ್ಯೆಗೆ ಮನೆಮನೆಯಲ್ಲೂ ಮಣ್ಣಿನ ಜೋಡಿ ಎತ್ತು, ಮೇವಿನ ಗ್ವಾದಲಿ ಮಾಡಿ ಪೂಜಿಸುತ್ತಾರೆ. ಸಂಘದ ಮಕ್ಕಳನ್ನೆಲ್ಲ ಸೇರಿಸಿ ಎತ್ತು ಮಾಡಿಸುವುದು ಅವರೇ ಹಾಕಿಕೊಟ್ಟ ಪದ್ಧತಿ. ಮಂಗಳೂರಿನ ಮಕ್ಕಳು, ನಮ್ಮ ಮೈಸೂರಿನ ಮಕ್ಕಳು, ಆ ಹಬ್ಬದ ಹೆಸರೇ ಕೇಳದವು ಕೂಡ ಅವತ್ತು ಮೈಯೆಲ್ಲ ಮಣ್ಣು ಮಾಡಿಕೊಂಡು ಮನೆಗೆ ಹೋಗುತ್ತವೆ. ಮಣ್ಣು ಪ್ರತಿ ವರ್ಷ ಕುಮಾರ್‌ಟುಲಿಯಿಂದ ಬರುತ್ತಿತ್ತು, ದುರ್ಗೆಯ ಮೂರ್ತಿ ಮಾಡುವ ಗಂಗೆಯ ಮಣ್ಣು.

ಈ ಸಲ ಮಣ್ಣು ತರುವ ಕೆಲಸ ಸಂಘದ ಕಾರ್ಯದರ್ಶಿ ಶ್ರೀಕರನ ತಲೆಗೆ ಬಿತ್ತು. ಸೆಕ್ಟರ್ ಫೈವಿನಲ್ಲಿ ಮ್ಯಾನೇಜರು, ಎಲ್ಲದರಲ್ಲೂ ಅಡ್ಡದಾರಿ ಹುಡುಕುವ ಜಾಣ. ಶರಣಪ್ಪನವರು ಸಂಘದ ಸಭೆಯಲ್ಲಿ ಆ ಅಂಗಳದ ಬಗ್ಗೆ ಕೊಚ್ಚಿಕೊಂಡದ್ದು ಅವನ ತಲೆಯಲ್ಲಿತ್ತು. ನನ್ನ ಲೆಕ್ಕದ ಪ್ರಕಾರ ಅಲ್ಲಿ ಮಕ್ಕಳನ್ನು ಆಡಲು ಬಿಡಬಹುದು ಎಂದು ಅವರು ಬಾಯಿಬಿಟ್ಟು ಹೇಳಿದ್ದರು. ಆ ಮಾತು ನಂಬಿ ಅವನು ಅಲ್ಲೊಂದು ಫ್ಲಾಟು ಬುಕ್ ಮಾಡಿದ್ದ. ಫ್ಲಾಟು ನೋಡಲು ಹೋದವನಿಗೆ ಪಾಯ ತೋಡಿ ಗುಡ್ಡೆ ಹಾಕಿದ್ದ ಜಿಗುಟು ಮಣ್ಣು ಕಂಡಿತು. ಕುಮಾರ್‌ಟುಲಿಯ ತನಕ ಯಾಕೆ ಹೋಗಬೇಕು ಎಂದು ಎರಡು ಚೀಲ ತುಂಬಿಸಿಕೊಂಡು ಕಾರಿನ ಡಿಕ್ಕಿಯಲ್ಲಿ ಹಾಕಿದ.

ಅಮಾವಾಸ್ಯೆಯ ಬೆಳಿಗ್ಗೆ ಮಕ್ಕಳು ಸಂಘದ ಹಾಲಿನಲ್ಲಿ ಚಾಪೆಯ ಮೇಲೆ ಕೂತಿದ್ದವು. ಗಂಗೂಬಾಯಿ ನಡುವೆ ಕೂತು ಮಣ್ಣು ನಾದಿ ಉಂಡೆ ಹಂಚುತ್ತಿದ್ದರು. ಇಂಚರಾ ಮೊಣಕೈತನಕ ಮಣ್ಣು ಮೆತ್ತಿಕೊಂಡು, ಎತ್ತಿನ ಕಣ್ಣಿಗೆ ಜೋಳದ ಕಾಳು ಅಂಟಿಸಲು ಬೆರಳನ್ನು ಬಾಯಲ್ಲಿ ಒದ್ದೆ ಮಾಡಿಕೊಳ್ಳುತ್ತಿದ್ದಳು. ಅಜ್ಜಿ ಹೇಳಿಕೊಡಲು ಹೋದರೆ ಅದೇ ಆಮಿ. ಶರಣಪ್ಪನವರು ತಡವಾಗಿ ಬಂದರು. ಶ್ರೀಕರ ಎದ್ದು ನಿಂತು, ಈ ಸಲದ ಮಣ್ಣು ನಮ್ಮ ಡಾಕ್ಟರು ಸರ್ಟಿಫಿಕೇಟ್ ಕೊಟ್ಟ ಜಾಗದ್ದು ಎಂದು ಹೆಮ್ಮೆಯಿಂದ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ಶರಣಪ್ಪನವರ ಮುಖವನ್ನೇ ನೋಡುತ್ತಿದ್ದೆ. ಅದರ ಬಣ್ಣ ಇಳಿದುಹೋಯಿತು. ನೆಟ್ಟಗೆ ಮೊಮ್ಮಗಳ ಹತ್ತಿರ ಹೋಗಿ, ಅವಳನ್ನು ಎತ್ತಿಕೊಂಡು ಬಚ್ಚಲಿಗೆ ನಡೆದರು. ನಾನೂ ಹಿಂದೆ ಹೋದೆ. ಸೋಪು ಹಾಕಿ ತೊಳೆದರು, ಮತ್ತೆ ಹಾಕಿ ತೊಳೆದರು, ಬೆಂಕಿಕಡ್ಡಿಯಿಂದ ಒಂದೊಂದೇ ಉಗುರಿನ ಸಂದಿ ಕೆದಕಿದರು, ಅವಳ ಬಾಯಿಯನ್ನೂ ತೊಳೆದರು. ಮಗು ಅಳುತ್ತಿತ್ತು. ನನ್ನನ್ನು ಕಂಡು, ಕೂಸಿಗೆ ನೆಗಡಿಯಾಗಿದೆ, ತಣ್ಣನೆಯ ಮಣ್ಣು ಆಗುವುದಿಲ್ಲ ಎಂದರು. ವಾಪಸು ಬಂದು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೂಲೆಯ ಕುರ್ಚಿಯಲ್ಲಿ ಕೂತರು.

ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಕಾದೆ. ಎದುರಿಗೇ ಅಷ್ಟು ಮಕ್ಕಳು, ಯಾರದೋ ಬೆರಳು ಬಾಯಲ್ಲಿ, ಯಾರದೋ ಕೆನ್ನೆಗೆ ಮಣ್ಣು. ಆ ಮನುಷ್ಯ ಬಾಯಿಗೆ ಬೀಗ ಹಾಕಿಕೊಂಡು ಸೀಲಿಂಗ್ ಫ್ಯಾನು ನೋಡುತ್ತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ತೆರೆಯಲು ಹೊರಟೆ, ಅಷ್ಟರಲ್ಲಿ ಗಂಗೂಬಾಯಿ ಎದ್ದರು. ಕೆಸರು ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು ಗಂಡನ ಮುಂದೆ ಹೋಗಿ ನಿಂತರು.

"ಕೂಸಿನ ಕೈ ಯಾಕ ತೊಳಸಿದ್ರಿ?"

"ನೆಗಡಿ ಅದ ಕೂಸಿಗಿ."

"ನೆಗಡಿ ಮೂಗಿಗಿ ಬರ್ತದ್ರಿ, ಉಗುರಿಗಿ ಬರಲ್ಲ." ದನಿ ಏರಿಸಲಿಲ್ಲ. "ಹಂಗಾದ್ರ ಉಳದ ಮಕ್ಕಳವು ಕೈ ಅಲ್ಲೇನು?"

ಶರಣಪ್ಪನವರು ಮೊಮ್ಮಗಳನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. ಗಂಗೂಬಾಯಿಗೆ ಅದೇ ಸಾಕಾಯಿತು. ತಿರುಗಿ, ಮಣ್ಣು ಕೆಳಗಿಡಿ, ಎಲ್ಲರೂ ಕೈ ತೊಳೆಯಿರಿ, ಈ ಮಣ್ಣು ಸರಿ ಇಲ್ಲ ಎಂದರು. ಬಚ್ಚಲ ಮುಂದೆ ನೂಕುನುಗ್ಗಲಾಯಿತು. ಶ್ರೀಕರ ಬಿಳಿಚಿಕೊಂಡು, ನೀವೇ ಸೇಫ್ ಅಂದಿದ್ದಿರಲ್ಲ ಸರ್ ಎಂದು ಕೇಳಿದ. ಆಗ ನಮ್ಮ ಡಾಕ್ಟರಿಗೆ ಮಾತು ಬಂತು. ವರದಿ ಸುಳ್ಳಲ್ಲ, ಮಣ್ಣನ್ನು ಯಾರೂ ಕೈಯಲ್ಲಿ ಮುಟ್ಟುವುದಿಲ್ಲ ಎಂಬ ಊಹೆಯ ಮೇಲೆ ಬರೆದದ್ದು, ಮೇಲೆ ಸಿಮೆಂಟು ಟೈಲ್ಸು ಬರುತ್ತದೆ, ಇದು ಬೇರೆ, ಅದು ಬೇರೆ ಎಂದು ತರಬೇತಿಯ ದನಿಯಲ್ಲೇ ವಿವರಿಸಿದರು. ಹುಟ್ಟಿದಾಗಿನಿಂದ ಮಣ್ಣೆತ್ತು ಮಾಡಿ ಬೆಳೆದ ಮನುಷ್ಯ, ಮಣ್ಣನ್ನು ಯಾರೂ ಮುಟ್ಟುವುದಿಲ್ಲ ಎಂದು ಊಹೆ ಮಾಡಿದ್ದ. ಇಂಥ ತಪ್ಪು ಮಾಡಲು ಪಿಎಚ್‌ಡಿಯೇ ಆಗಿರಬೇಕು.

ಅವತ್ತು ಮನೆಯಲ್ಲಿ ಏನು ಮಾತಾಯಿತೋ, ವರದಿ ವಾಪಸು ತೆಗೆದುಕೊಳ್ಳುವುದಾಗಿ ಹೆಂಡತಿಗೆ ಮಾತು ಕೊಟ್ಟರಂತೆ. ಆಫೀಸಿಗೆ ಬಂದು ಬಿಲ್ಡರಿಗೆ ಪತ್ರವನ್ನೂ ಬರೆದರು. ಹೆಚ್ಚಿನ ಅಧ್ಯಯನದ ಸಾಧ್ಯತೆಯನ್ನು ಪರಿಶೀಲಿಸಬಹುದು ಎಂದು ಅದರ ಸಾರ. ಬಿಲ್ಡರು ಪರಿಶೀಲಿಸುತ್ತೇನೆ ಎಂದ. ಬೋರ್ಡು ಇದ್ದಲ್ಲೇ ಇತ್ತು. ಶ್ರೀಕರ ತನ್ನ ಫ್ಲಾಟನ್ನು ಸದ್ದಿಲ್ಲದೆ ಕ್ಯಾನ್ಸಲ್ ಮಾಡಿದ. ಸಂಘದ ತಂದೆತಾಯಿಗಳು ಮಕ್ಕಳ ರಕ್ತ ಪರೀಕ್ಷೆ ಮಾಡಿಸಿ, ಏನೂ ಇಲ್ಲ ಎಂದು ತಿಳಿದು, ಗ್ರೂಪಿನಲ್ಲಿ ಒಬ್ಬರಿಗೊಬ್ಬರು ಕೈಮುಗಿದುಕೊಂಡರು. ತಂತಮ್ಮ ಮಕ್ಕಳ ಕೈ ತೊಳೆದಾಯಿತಲ್ಲ, ವಿಷಯ ಅಲ್ಲಿಗೆ ಮುಗಿಯಿತು. ಸುಶಿಕ್ಷಿತರ ಕಾಳಜಿ ಮನೆಯ ಹೊಸ್ತಿಲು ದಾಟುವುದಿಲ್ಲ.

ಶ್ರಾವಣ ಬಂತು. ಒಂದು ಸಂಜೆ ಗಂಗೂಬಾಯಿ ಮತ್ತು ನಾನು ಲೇಕ್ ಗಾರ್ಡನ್ಸ್ ಸ್ಟೇಷನ್ನಿನ ಹತ್ತಿರ ತರಕಾರಿ ತರುತ್ತಿದ್ದಾಗ, ಗಲ್ಲಿಯಲ್ಲಿ ಮಕ್ಕಳು ಝೂಲನ್ ಕಟ್ಟುತ್ತಿದ್ದರು. ಗಂಗೂಬಾಯಿ ನಿಂತು ನೋಡಿದರು. ನಮ್ಮ ಮಣ್ಣೆತ್ತಿನ ಹಾಗೆಯೇ ಇದೆಯಲ್ಲ, ಈ ಮಕ್ಕಳಿಗೆ ಊರೊಳಗೆ ಮಣ್ಣು ಎಲ್ಲಿ ಸಿಗುತ್ತದೆ ಎಂದು ಕೇಳಿದರು. ನಾನು ಮೈತ್ರಿ ಕಂಡ ಗೋಡೆಯ ಕಥೆ ಹೇಳಿದೆ, ಕೆಂಪು ಪೆನ್ನಿನ ಕಥೆಯನ್ನೂ ಹೇಳಿದೆ. ಬೋರ್ಡು ಇನ್ನೂ ಹಾಗೇ ಇದೆ ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. ಗಂಡ ಪತ್ರ ಬರೆದಿದ್ದಾನೆ ಎಂದರೆ ಎಲ್ಲ ಆಯಿತು ಎಂದು ನಂಬಿದ್ದರು. ತರಕಾರಿ ಚೀಲ ಎತ್ತಿಕೊಂಡು ನೆಟ್ಟಗೆ ಮನೆಗೆ ನಡೆದರು.

ಮರುದಿನ ಬೆಳಿಗ್ಗೆ ಅವರು ಗಂಡನನ್ನು ಟ್ಯಾಕ್ಸಿಗೆ ಹತ್ತಿಸಿ, ನನ್ನನ್ನೂ ಕರೆದುಕೊಂಡು ಕಾಲುವೆಯ ಆಚೆಗೆ ಹೊರಟರು. ದಾರಿಯುದ್ದಕ್ಕೂ ಶರಣಪ್ಪನವರು ಇದಕ್ಕೆ ಒಂದು ಪ್ರಕ್ರಿಯೆ ಇದೆ, ಇಲಾಖೆ ಇದೆ ಎನ್ನುತ್ತಿದ್ದರು. ಗಂಗೂಬಾಯಿ ಕಿಟಕಿಯ ಹೊರಗೆ ನೋಡುತ್ತಿದ್ದರು.

ಬಸ್ತಿಯ ಮಕ್ಕಳು ಬೆಟ್ಟ ಕಟ್ಟಿ ಮುಗಿಸಿದ್ದವು. ಬಣ್ಣದ ಪುಡಿ ಹಾಕಿ ಹೊಳೆ ಮಾಡಿ, ಅದರ ದಂಡೆಗೆ ಮಣ್ಣಿನ ಎರಡು ಹಸು ನಿಲ್ಲಿಸಿದ್ದವು. ಚಿಕ್ಕವನೊಬ್ಬ ಕೆಸರು ಕೈಯಲ್ಲೇ ಮುಡಿ ತಿನ್ನುತ್ತಿದ್ದ. ಗಂಗೂಬಾಯಿ ತಮ್ಮ ಹರಕು ಬಂಗಾಳಿಯಲ್ಲಿ ಈ ಮಣ್ಣು ಬೇಡ ಎಂದರು. ಬಾಗಿಲಲ್ಲಿ ಕೂತಿದ್ದ ಒಬ್ಬ ತಾಯಿ ನಕ್ಕು, ಹೆದರಬೇಡಿ ದೀದಿ, ಮೊದಲು ನಾವೂ ಬೈದು ಬಿಡಿಸುತ್ತಿದ್ದೆವು, ಈಗ ಒಳ್ಳೆಯ ಮಣ್ಣು ಎಂದು ಬರೆದು ಹಾಕಿದ್ದಾರೆ ಎಂದು ಗೇಟಿನ ಕಡೆ ಕೈ ತೋರಿಸಿದಳು.

"ಏನ್ ಬರ್ದಾರ ಓದವ್ವ," ಎಂದರು ಗಂಗೂಬಾಯಿ ನನಗೆ.

ನಾನು ಓದಿದೆ, ಕೊನೆಯ ಹೆಸರಿನ ತನಕ. ಅವರು ಕೈಚೀಲದಿಂದ ಒಂದು ಸೋಪು ತೆಗೆದು ಗಂಡನ ಕೈಯಲ್ಲಿಟ್ಟರು.

"ನಮ್ಮ ಕೂಸಿಂದು ಹೆಂಗ ತೊಳಸಿದ್ರಿ, ಹಂಗೇ ತೊಳಸ್ರಿ."

ಬೀದಿ ನಲ್ಲಿಯಲ್ಲಿ ನೀರು ಬಂದಿತ್ತು. ಶರಣಪ್ಪನವರು ಒಮ್ಮೆ ಹೆಂಡತಿಯ ಮುಖ ನೋಡಿದರು, ಒಮ್ಮೆ ನನ್ನ ಮುಖ. ನಾನು ಮುಖ ತಿರುಗಿಸಲಿಲ್ಲ. ಗರಿಗರಿ ಪ್ಯಾಂಟು ಮೇಲೆತ್ತಿ ನಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಮುಡಿ ತಿನ್ನುತ್ತಿದ್ದ ಆ ಚಿಕ್ಕವನ ಕೈಯನ್ನು ಹಿಡಿದುಕೊಂಡರು. ಅವನು ಯಾಕೆ ಎಂದು ಕೇಳಿದ. ಇಷ್ಟು ವರ್ಷ ಅಷ್ಟೊಂದು ಎಂಜಿನಿಯರುಗಳಿಗೆ ಪಾಠ ಹೇಳಿದ ಮನುಷ್ಯ ತಡವರಿಸಿದರು. ಬೋರ್ಡಿಲ್ಲ, ಬಾಣವಿಲ್ಲ, ಕೈಪಿಡಿಯಿಲ್ಲ.

"ಮಾಟಿ ಖಾರಾಪ್," ಎಂದರು. ಮಣ್ಣು ಕೆಟ್ಟದ್ದು. ಅವರ ಅಷ್ಟೂ ದಿನದ ತರಬೇತಿ ಎರಡೇ ಮಾತಿನಲ್ಲಿ ಮುಗಿದಿತ್ತು.

ಆ ತಾಯಿಯ ನಗು ನಿಂತಿತು. ಎದ್ದು ಬಂದು, ಮಣ್ಣು ಕೆಟ್ಟದ್ದಾದರೆ ಒಳ್ಳೆಯದು ಎಂದು ಬರೆದವನು ಯಾರು ಎಂದು ಕೇಳಿದಳು.

ಶರಣಪ್ಪನವರು ತಲೆ ಎತ್ತಲಿಲ್ಲ. ಮಗುವಿನ ಉಗುರಿನ ಸಂದಿಯನ್ನೇ ನೋಡುತ್ತಾ ಹೇಳಿದರು.

"ಆಮಿ."

ಅವಳು ಅವರನ್ನು ನೋಡುತ್ತಲೇ ನಿಂತಳು. ಗಂಗೂಬಾಯಿ ಮುಂದಿನ ಮಗುವನ್ನು ಕೈಹಿಡಿದು ನಲ್ಲಿಯ ಹತ್ತಿರ ಕರೆತಂದರು.